ಬೋರ್ತೆಗೆ ದೊರೆಯದ ಕುದುರೆ

ಕಳೆದ ತಿಂಗಳ ಒಂದು ಭಾನುವಾರ ಸಂಜೆ ನಮ್ಮ ಮನೆಯವರೆಲ್ಲರೂ ಒಟ್ಟಿಗೆ ಕುಳಿತು ‘ಮಂಗೋಲ್’ ಎಂಬ ಚಲಚ್ಚಿತ್ರವನ್ನು ನೋಡಿದೆವು. ಚಿತ್ರದ ಮಾತುಗಳು ಬಹುಮಟ್ಟಿಗೆ ಮಂಗೋಲ್ ಭಾಷೆಯಲ್ಲಿವೆ. ತೆರೆಯ ಅಡಿಯಲ್ಲಿ ಮೂಡುವ ಇಂಗ್ಲಿಷ್ ಸಾಲುಗಳನ್ನು ಹಿರಿಯ ಹುಡುಗನು ಓದಿ ಕನ್ನಡದಲ್ಲಿ ಹೇಳುತ್ತಿದ್ದನು. ಎಂಬತ್ತು ದಾಟಿದ ನಮ್ಮ ಸೋದರತ್ತೆಯವರು ಹೂಬತ್ತಿ ಹೊಸೆಯುತ್ತ ಕೇಳುತ್ತಿದ್ದರು. ಕಥೆ ಮುಗಿದೊಡನೆ ಹುಡುಗರು ಕುದುರೆ, ಕತ್ತಿ, ಬಿಲ್ಲುಗಳ ಮಾತಿಗೆ ತೊಡಗಿದರು. ಅತ್ತೆಯವರು ಮಾತ್ರ ಬತ್ತಿಯ ತಟ್ಟೆಯನ್ನು ಪಕ್ಕಕ್ಕಿಟ್ಟು, “ಅಲ್ಲವೋ, ಆ ಕೂಸು ನನ್ನದೇ ಅಂತ ಅವನೇನೋ ಅಂದ, ಸರಿ. ಮನೆಯಲ್ಲಿ ಮಿಕ್ಕವರೂ ಅನ್ನಬೇಡವೆ? ಆ ಹುಡುಗ ಮುಂದೆ ಏನಾದ?” ಎಂದು ಕೇಳಿದರು.

ಸೀತಾದೇವಿಯ ಕಥೆಯನ್ನು ಕೇಳಿ ಬೆಳೆದವರಿಗೆ ಈ ಪ್ರಶ್ನೆ ತೋರದಿರುವುದು ಹೇಗೆ? ನಮಗೆ ಆಗ ಉತ್ತರ ತಿಳಿದಿರಲಿಲ್ಲ. ಚಿತ್ರವು ಆ ಹುಡುಗನು ಬೆಳೆಯುವುದಕ್ಕೆ ಮೊದಲೇ ಮುಗಿದುಹೋಗುತ್ತದೆ. ಆಮೇಲೆ ಕೆಲವು ದಿನ ಪುಸ್ತಕಗಳನ್ನು ತೆರೆದು ನೋಡಿದೆವು. ಅಲ್ಲಿ ಕಂಡ ವೃತ್ತಾಂತವು ಚಿತ್ರಕ್ಕಿಂತಲೂ ಮನಸ್ಸನ್ನು ಹಿಡಿಯುವಂತಿದ್ದುದರಿಂದ ಅದನ್ನು ವಾಚಕರ ಮುಂದಿಡುತ್ತಿದ್ದೇವೆ.

ಮೊದಲು ಚಿತ್ರದ ವಿಷಯವಾಗಿ ನಾಲ್ಕು ಮಾತು. ರಷ್ಯದ ನಿರ್ದೇಶಕರಾದ ಸೆರ್ಗೈ ಬೊದ್ರೋವ್ ಅವರು ತಯಾರಿಸಿದ ಈ ಚಿತ್ರವು 2007ರಲ್ಲಿ ತೆರೆಗೆ ಬಂದಿತು. ಮುಂದೆ ಚೆಂಗೀಸ್ ಖಾನ್ ಎಂದು ಲೋಕವನ್ನೇ ನಡುಗಿಸಿದ ತೆಮುಜಿನನ ಬಾಲ್ಯ ಯೌವನಗಳೇ ಅದರ ವಸ್ತು. ತೆಮುಜಿನನ ಪಾತ್ರವನ್ನು ಜಪಾನಿನ ತದನೊಬು ಅಸನೊ ಅವರೂ, ಅವನ ಗೆಳೆಯನೂ ವೈರಿಯೂ ಆದ ಜಮುಖನ ಪಾತ್ರವನ್ನು ಚೀನದ ಸುನ್ ಹೊಂಗ್ಲೈ ಅವರೂ, ಪತ್ನಿ ಬೋರ್ತೆಯ ಪಾತ್ರವನ್ನು ಮಂಗೋಲಿಯಾದ ಖುಲಾನ್ ಚುಲೂನ್ ಅವರೂ ವಹಿಸಿದ್ದಾರೆ. ಚೀನಕ್ಕೆ ಸೇರಿದ ಒಳಮಂಗೋಲಿಯಾದಲ್ಲಿಯೂ ಕಜಾಕ್‌ಸ್ತಾನದಲ್ಲಿಯೂ ಚಿತ್ರಣ ನಡೆಯಿತು. ಕಜಾಕ್‌ಸ್ತಾನದ ಪರವಾಗಿ ಕಳುಹಿಸಲ್ಪಟ್ಟ ಈ ಚಿತ್ರವು ಅಮೆರಿಕದ ಆಸ್ಕರ್ ಪಾರಿತೋಷಕದ ಪರಭಾಷಾ ವರ್ಗದಲ್ಲಿ ಕಡೆಯ ಐದು ಚಿತ್ರಗಳಲ್ಲಿ ಒಂದಾಯಿತು. ಪಾರಿತೋಷಕವು ಆಸ್ಟ್ರಿಯ ದೇಶದ ಚಿತ್ರಕ್ಕೆ ಸಂದಿತು.

ನೋಡುವುದಕ್ಕೆ ಚಿತ್ರವು ಬಹು ರಮ್ಯವಾಗಿದೆ. ದೃಷ್ಟಿ ಹರಿಯುವವರೆಗೂ ಹುಲ್ಲುಬಯಲು. ಅದರ ಮೇಲೆ ಮೋಡದ ನೆರಳು. ಎಲ್ಲಿಯೋ ಒಂದು ಒಂಟಿ ಗುಡಾರದ ಹೊಗೆ. ಆ ಬಯಲಿನಲ್ಲಿ ಬದುಕುವುದೆಂದರೆ ಎಷ್ಟು ಕಷ್ಟವೆಂಬುದನ್ನು ತಿಳಿಯದೆ ಅಲ್ಲಿನ ಜಗಳಗಳು ಅರ್ಥವಾಗುವುದಿಲ್ಲ. ಮಂಗೋಲಿಯಾ ಎತ್ತರವಾದ ಸೀಮೆ. ಚಳಿಗಾಲದಲ್ಲಿ ಶೀತವು ಶೂನ್ಯಕ್ಕಿಂತ 30 ಡಿಗ್ರಿ ಕೆಳಗೆ ಇಳಿಯುವುದುಂಟು. ಉತ್ತು ಬಿತ್ತುವುದಕ್ಕೆ ಅನುಕೂಲವಾದ ನೆಲ ಕಡಮೆ. ಕುದುರೆ, ದನ, ಕುರಿ, ಆಡು, ಒಂಟೆ ಎಂಬ ಐದು ಬಗೆಯ ಜಾನುವಾರುಗಳೇ ಜನರ ಆಸ್ತಿ. ಹುಲ್ಲು ತೀರಿದರೆ ಗುಡಾರವನ್ನು ಬಿಚ್ಚಿ ಬಂಡಿಗೆ ಏರಿಸಿ ಮುಂದೆ ಸಾಗಬೇಕು. ಗೆರ್ ಎಂದು ಕರೆಯುವ ಆ ಗುಡಾರವು ಮರದ ಜಾಲರಿಯ ಮೇಲೆ, ನೇಯದೆ ಒತ್ತಿ ಮಾಡಿದ ದಪ್ಪ ಉಣ್ಣೆಯ ಕಂಬಳಿಯನ್ನು ಹೊದಿಸಿದ ದುಂಡನೆಯ ಮನೆ. ಬಂಡಿ ಹೊಡೆಯುವುದು, ಹಾಲು ಕರೆಯುವುದು, ಉಣ್ಣೆಯ ಕೆಲಸ ಎಲ್ಲವೂ ಹೆಂಗಸರ ಪಾಲಿನದು. ಹೆಣ್ಣಿಲ್ಲದ ಗುಡಾರ ಅಲ್ಲಿ ಒಂದು ಋತುವನ್ನೂ ಕಳೆಯಲಾರದು.

12ನೆಯ ಶತಮಾನದಲ್ಲಿ ಆ ಬಯಲನ್ನು ಮಂಗೋಲರು, ತಾತಾರರು, ಮೆರ್ಕಿತರು, ಕೆರೈತರು, ನೈಮಾನರು ಮೊದಲಾದ ಕುಲಗಳು ಹಂಚಿಕೊಂಡಿದ್ದುವು. ಉತ್ತರ ಚೀನವನ್ನು ಆಳುತ್ತಿದ್ದ ಜಿನ್ ರಾಜವಂಶದವರು ಒಂದು ಕುಲವನ್ನು ಇನ್ನೊಂದರ ಮೇಲೆ ಎತ್ತಿಕಟ್ಟಿ ತಮ್ಮ ಗಡಿಯನ್ನು ಕಾಯ್ದುಕೊಳ್ಳುತ್ತಿದ್ದರು. ತನ್ನ ಕುಲದೊಳಗೆ ಮದುವೆಯಾಗುವ ಪದ್ಧತಿ ಇಲ್ಲದುದರಿಂದ ಹೆಣ್ಣನ್ನು ಹೊರಗಿನಿಂದಲೇ ತರಬೇಕು. ಕೇಳಿ ತರುವುದಕ್ಕೆ ಕಾಲವೂ ಕಾಣಿಕೆಯೂ ಬೇಕು. ಆದಕಾರಣ ದಾರಿಯಲ್ಲಿ ಹೋಗುವ ಮದುವಣಗಿತ್ತಿಯ ಬಂಡಿಯನ್ನು ಅಡ್ಡಗಟ್ಟಿ ಹೊತ್ತೊಯ್ಯುವುದೂ ನಡೆಯುತ್ತಿತ್ತು. ಹಾಗೆ ಒಯ್ದ ಹೆಣ್ಣಿನ ಕಡೆಯವರು ಅದನ್ನು ಮರೆಯುತ್ತಿರಲಿಲ್ಲ.

ತೆಮುಜಿನನ ಕಥೆಯೆಲ್ಲ ಇಂತಹ ಒಂದು ಅಪಹರಣದಿಂದಲೇ ಮೊದಲಾಗುತ್ತದೆ. ಇದನ್ನು ನಮಗೆ ತಿಳಿಸುವ ಗ್ರಂಥಕ್ಕೆ ‘ಮಂಗೋಲರ ಗುಪ್ತ ಚರಿತ್ರೆ’ ಎಂದು ಹೆಸರು. ಚೆಂಗೀಸ್ ಖಾನನು 1227ರಲ್ಲಿ ತೀರಿಕೊಂಡ ಕೆಲವು ಕಾಲಕ್ಕೆ ಮಂಗೋಲ್ ಭಾಷೆಯಲ್ಲಿ ಹುಟ್ಟಿದ ಈ ಗ್ರಂಥದ ಕರ್ತೃ ಯಾರೆಂಬುದು ತಿಳಿಯದು. ಚೀನೀ ಅಕ್ಷರಗಳಲ್ಲಿ ಉಚ್ಚಾರಣೆಯನ್ನು ಬರೆದಿಟ್ಟ ಪ್ರತಿಯಿಂದಾಗಿ ಅದು ಉಳಿದು ಬಂದಿದೆ. ವಿದ್ವಾಂಸರು ಅದನ್ನು 282 ಪರಿಚ್ಛೇದಗಳಾಗಿ ಎಣಿಸುತ್ತಾರೆ. ಇದು ರಾಜನ ವಂಶದ ಚರಿತ್ರೆಯಾದರೂ ಅವನ ಮನೆಯ ತಪ್ಪುಗಳನ್ನು ಮುಚ್ಚುವುದಿಲ್ಲ. ಎಳೆಯ ತೆಮುಜಿನನು ತಮ್ಮನ ಜತೆಗೂಡಿ, ಒಂದು ಮೀನು ಒಂದು ಹಕ್ಕಿಯ ವ್ಯಾಜ್ಯಕ್ಕಾಗಿ, ಮಲಸೋದರನನ್ನು ಬಾಣ ಬಿಟ್ಟು ಕೊಂದುದನ್ನೂ, ತಾಯಿ ಅವರನ್ನು ಕಾಡುಮೃಗಗಳಿಗೆ ಹೋಲಿಸಿ ಬೈದುದನ್ನೂ ಅದು ಹೇಳುತ್ತದೆ. ಚಿತ್ರದಲ್ಲಿ ಈ ಪ್ರಸಂಗವಿಲ್ಲ.

ಮೆರ್ಕಿತ ಕುಲದ ಚಿಲೆದು ಎಂಬವನು ಹೊಸ ಹೆಂಡತಿಯಾದ ಹೊಯೆಲುನಳನ್ನು ಕರೆದುಕೊಂಡು ತನ್ನೂರಿಗೆ ಹೋಗುತ್ತಿದ್ದಾಗ, ಬೇಟೆಯಲ್ಲಿದ್ದ ಯೆಸುಗೇ ಎಂಬ ಮಂಗೋಲನು ಅವಳನ್ನು ಕಂಡು ಅಣ್ಣತಮ್ಮಂದಿರೊಡನೆ ಬೆನ್ನಟ್ಟಿದನು. ಗಂಡನ ಪ್ರಾಣಕ್ಕೆ ಅಪಾಯವೆಂದರಿತ ಹೊಯೆಲುನಳು ತಾನು ತೊಟ್ಟಿದ್ದ ಅಂಗಿಯನ್ನು ನೆನಪಿಗೆಂದು ಅವನಿಗೆ ಕೊಟ್ಟು, ಓಡಿ ಬದುಕಿಕೊಳ್ಳುವಂತೆ ಹೇಳಿದಳು. ಅವನು ಓಡಿದನು, ಅವಳು ಯೆಸುಗೇಯ ಗುಡಾರವನ್ನು ಸೇರಿದಳು. ಅವಳ ಹಿರಿಯ ಮಗನೇ ತೆಮುಜಿನ್. ಅವನು ಹುಟ್ಟಿದುದು ಸುಮಾರು 1162ರಲ್ಲಿ ಎಂದು ಎಣಿಸುವರು.

ಮಗನಿಗೆ ಒಂಬತ್ತು ವರ್ಷವಾದಾಗ ತಂದೆಯು ಹೆಣ್ಣು ನೋಡಲು ಕರೆದೊಯ್ದನು. ಒಂದು ವರ್ಷ ದೊಡ್ಡವಳಾದ ಬೋರ್ತೆಯೊಡನೆ ಸಂಬಂಧ ಗೊತ್ತಾಯಿತು. ಹಿಂದಿರುಗುವ ದಾರಿಯಲ್ಲಿ ತಾತಾರರು ಊಟದಲ್ಲಿ ವಿಷವಿಕ್ಕಿದುದರಿಂದ ಯೆಸುಗೇ ತೀರಿಕೊಂಡನು. ನಾಯಕನಿಲ್ಲದ ಮನೆಯನ್ನು ಸ್ವಕುಲದವರೇ ಬಯಲಿನಲ್ಲಿ ಬಿಟ್ಟು ಗುಡಾರಗಳನ್ನು ಕಿತ್ತುಕೊಂಡು ಹೊರಟುಹೋದರು. ಹೊಯೆಲುನಳು ಕಾಡುಹಣ್ಣುಗಳನ್ನು ಆಯ್ದು, ಕೋಲಿನಿಂದ ಗೆಡ್ಡೆಗೆಣಸು ಕಿತ್ತು ಮಕ್ಕಳನ್ನು ಸಾಕಿದಳು. ಹೀಗೆ ಬೆಳೆದ ತೆಮುಜಿನ್ ಪ್ರಾಯಕ್ಕೆ ಬಂದು ಬೋರ್ತೆಯನ್ನು ಮನೆಗೆ ಕರೆತಂದನು. ಅವಳ ತಾಯಿ ಬಳುವಳಿಯಾಗಿ ಕಪ್ಪು ತುಪ್ಪಳದ ಒಂದು ನಿಲುವಂಗಿಯನ್ನು ಕೊಟ್ಟಿದ್ದಳು. ಜಾಣನಾದ ಅಳಿಯನು ಅದನ್ನು ತನ್ನ ತಂದೆಯ ಹಳೆಯ ಮಿತ್ರನೂ ಕೆರೈತರ ದೊರೆಯೂ ಆದ ತೊಗ್ರುಲನಿಗೆ ಒಪ್ಪಿಸಿ ಅವನ ಆಶ್ರಯವನ್ನು ಸಂಪಾದಿಸಿದನು.

ಇನ್ನು ಕಥೆಯ ಮರ್ಮಕ್ಕೆ ಬರೋಣ. ಒಂದು ಮುಂಜಾವದಲ್ಲಿ, ಬೆಳಕು ಹರಿಯುವ ಮೊದಲು, ಮನೆಯ ಮುದಿ ಸೇವಕಿ ಖೊವಾಕ್ಚಿನಳಿಗೆ ನೆಲ ಅದುರುವುದು ಕೇಳಿಸಿತು. ಅವಳು ಒಡತಿಯನ್ನು ಎಬ್ಬಿಸಿದಳು. ಮೂರು ನೂರು ಮಂದಿ ಮೆರ್ಕಿತರು ಹಳೆಯ ಅಪಹರಣದ ಸೇಡನ್ನು ತೀರಿಸಿಕೊಳ್ಳಲು ಬರುತ್ತಿದ್ದರು. ಮನೆಯಲ್ಲಿದ್ದ ಕುದುರೆಗಳು ಒಂಬತ್ತು. ತಾಯಿ ಹೊಯೆಲುನಳು ಪುಟ್ಟ ಮಗಳನ್ನು ಮಡಿಲಲ್ಲಿಟ್ಟುಕೊಂಡು ಒಂದನ್ನು ಏರಿದಳು. ತೆಮುಜಿನನೂ ಅವನ ತಮ್ಮಂದಿರೂ ಐದನ್ನು ಏರಿದರು. ಇಬ್ಬರು ಗೆಳೆಯರು ಎರಡನ್ನು ಏರಿದರು. ಒಂಬತ್ತನೆಯದನ್ನು ಬದಲಿಗೆ ಬೇಕಾದೀತೆಂದು ಬರಿಬೆನ್ನಿನಲ್ಲಿ ಹಿಡಿದುಕೊಂಡು ಹೋದರು. ಬೋರ್ತೆಗೆ ಕುದುರೆ ದೊರೆಯಲಿಲ್ಲ. ಮಲತಮ್ಮನಾದ ಬೆಲ್ಗುತೈಯ ತಾಯಿಗೂ ದೊರೆಯಲಿಲ್ಲ. ಎಲ್ಲರನ್ನೂ ಎಬ್ಬಿಸಿ ಬದುಕಿಸಿದ ಆ ಮುದುಕಿಗೂ ದೊರೆಯಲಿಲ್ಲ. ಗ್ರಂಥವು ಇದಕ್ಕೆ ಯಾವ ಸಮಾಧಾನವನ್ನೂ ಹೇಳುವುದಿಲ್ಲ.

ಮುದುಕಿಯು ಬೋರ್ತೆಯನ್ನು ಮುಚ್ಚಿದ ಬಂಡಿಯೊಳಗೆ ಅಡಗಿಸಿ ಎತ್ತನ್ನು ಹೊಡೆದುಕೊಂಡು ಹೊರಟಳು. ಎದುರಾದ ಸವಾರರಿಗೆ ತಾನು ದೊಡ್ಡ ಮನೆಯಲ್ಲಿ ಕುರಿಯ ಉಣ್ಣೆ ಕತ್ತರಿಸಿ ಹಿಂದಿರುಗುತ್ತಿರುವವಳೆಂದು ಹೇಳಿ ದಾರಿ ತಪ್ಪಿಸಿದಳು. ಅವರು ಮುಂದೆ ಹೋದರು. ಗಾಬರಿಯಲ್ಲಿ ಎತ್ತನ್ನು ಜೋರಾಗಿ ಹೊಡೆಯಲು ಬಂಡಿಯ ಅಚ್ಚು ಮುರಿಯಿತು. ಅಷ್ಟರಲ್ಲಿ ಸವಾರರು ಬೆಲ್ಗುತೈಯ ತಾಯಿಯನ್ನು ಕುದುರೆಯ ಮೇಲೆ ಹೇರಿಕೊಂಡು ಮರಳಿ ಬಂದರು. ಬಂಡಿಯೊಳಗೆ ಉಣ್ಣೆಯಿದೆಯೆಂದು ಮುದುಕಿ ಹೇಳಿದುದನ್ನು ನಂಬದೆ ತೆರೆದು ನೋಡಿದರು. ಬೋರ್ತೆ ಸೆರೆಯಾದಳು. ಚಿಲೆದುವಿನ ತಮ್ಮನಾದ ಚಿಲ್ಗೆರನಿಗೆ ಅವಳನ್ನು ಒಪ್ಪಿಸಿದರು.

ತೆಮುಜಿನನು ಬುರ್ಖಾನ್ ಖಲ್ದೂನ್ ಎಂಬ ಪರ್ವತದ ಕಾಡನ್ನು ಹೊಕ್ಕು ಉಳಿದುಕೊಂಡನು. ಮೆರ್ಕಿತರು ಪರ್ವತವನ್ನು ಮೂರು ಸಲ ಸುತ್ತಿದರೂ ಅವನು ಸಿಕ್ಕಲಿಲ್ಲ. ಅವರು ಹೋದ ಮೇಲೆ ಅವನು ಇಳಿದು ಬಂದು, ನಡುಕಟ್ಟನ್ನು ಕೊರಳಿಗೆ ಹಾಕಿಕೊಂಡು, ಸೂರ್ಯನಿಗೆ ಒಂಬತ್ತು ಬಾರಿ ಮಣಿದು, ತನ್ನ ಹುಳುವಿನಂತಹ ಪ್ರಾಣವನ್ನು ಉಳಿಸಿದುದಕ್ಕಾಗಿ ಪರ್ವತವನ್ನು ವಂದಿಸಿದನು. ಗ್ರಂಥವು ಕೊಡುವ ಆ ಪ್ರಾರ್ಥನೆಯಲ್ಲಿ ಬೋರ್ತೆಯ ಹೆಸರಿಲ್ಲ. ಆ ಪರ್ವತವನ್ನು ಮಂಗೋಲರು ಇಂದಿಗೂ ಪೂಜಿಸುತ್ತಾರೆ. 2015ರಲ್ಲಿ ಅದು ಯುನೆಸ್ಕೋ ಸಂಸ್ಥೆಯ ವಿಶ್ವಪರಂಪರೆಯ ಪಟ್ಟಿಯನ್ನು ಸೇರಿತು.

ಚಿತ್ರದಲ್ಲಿ ಈ ಘಟ್ಟವು ಬೇರೆಯಾಗಿದೆ. ಅಲ್ಲಿ ತೆಮುಜಿನನಿಗೆ ಬಾಣ ತಗಲುತ್ತದೆ. ಬೋರ್ತೆಯೇ ಗಂಡನನ್ನು ಪಾರುಮಾಡಿ ತಾನು ಶತ್ರುಗಳ ಕೈಗೆ ಸಿಕ್ಕುತ್ತಾಳೆ. ನೋಡುವವರ ಕಣ್ಣು ಒದ್ದೆಯಾಗುವುದು ನಿಜ. ಆದರೆ ಕುದುರೆ ಕೊಡದೆ ಹೋದ ಗಂಡನ ತಪ್ಪು ಅಲ್ಲಿ ಹೆಂಡತಿಯ ತ್ಯಾಗವಾಗಿಬಿಟ್ಟಿದೆ. ಹೀಗೆ ಮಾಡಿದವರಲ್ಲಿ ಬೊದ್ರೋವ್ ಅವರೇ ಮೊದಲಿಗರಲ್ಲ. 14ನೆಯ ಶತಮಾನದ ಆರಂಭದಲ್ಲಿ ಪರ್ಷಿಯಾದ ಮಂಗೋಲ್ ದೊರೆಗಳ ಆಶ್ರಯದಲ್ಲಿ ಚರಿತ್ರೆ ಬರೆದ ರಷೀದುದ್ದೀನನು, ಬೋರ್ತೆಯು ಸೆರೆಯಾಗುವ ಮೊದಲೇ ಗರ್ಭಿಣಿಯಾಗಿದ್ದಳೆಂದೂ, ಮೆರ್ಕಿತರು ಅವಳನ್ನು ತೊಗ್ರುಲನಿಗೆ ಕಳುಹಿಸಲು ಅವನು ಮಗಳಂತೆ ಕಂಡು ಗೌರವದಿಂದ ಹಿಂದಿರುಗಿಸಿದನೆಂದೂ ಬರೆದಿದ್ದಾನೆ. ದೊರೆಗಳ ವಂಶಕ್ಕೆ ಮಾತು ಬರಬಾರದೆಂಬ ಎಚ್ಚರವು ಇದರಲ್ಲಿ ಕಾಣುತ್ತದೆ.

ಮುಂದಿನ ವರ್ತನೆಯಿಂದ ತೆಮುಜಿನನು ತನ್ನ ತಪ್ಪನ್ನು ಸ್ವಲ್ಪಮಟ್ಟಿಗೆ ತೊಳೆದುಕೊಂಡನು. ಅವನು ತೊಗ್ರುಲನನ್ನೂ, ಎಳೆತನದಲ್ಲಿ ಕಾಣಿಕೆ ಬದಲಾಯಿಸಿಕೊಂಡು ಆಣೆಯಿಟ್ಟ ಗೆಳೆಯ ಜಮುಖನನ್ನೂ ಬೇಡಿಕೊಂಡನು. ಇಂತಹ ಗೆಳೆತನಕ್ಕೆ ಅಲ್ಲಿ ‘ಅಂದ’ ಎಂದು ಹೆಸರು. ಅದು ಒಡಹುಟ್ಟಿಗಿಂತ ದೊಡ್ಡದು. ಇಬ್ಬರೂ ಸೈನ್ಯದೊಡನೆ ಬಂದರು. ರಾತ್ರಿಯಲ್ಲಿ ಮೆರ್ಕಿತರ ಪಾಳೆಯ ಚೆದರಿ ಜನರೆಲ್ಲ ಓಡುತ್ತಿರಲು ತೆಮುಜಿನನು ಬೋರ್ತೆಯ ಹೆಸರನ್ನು ಕೂಗುತ್ತ ಹೋದನು. ಆ ದನಿಯನ್ನು ಗುರುತಿಸಿ ಅವಳೂ ಮುದುಕಿ ಖೊವಾಕ್ಚಿನಳೂ ಬಂಡಿಯಿಂದ ಇಳಿದು ಓಡಿ ಬಂದು ಅವನ ಕುದುರೆಯ ಲಗಾಮನ್ನು ಹಿಡಿದರು. ಬೆಳ್ದಿಂಗಳಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ಗುರುತಿಸಿದರು. ತಾನು ಅರಸಿದುದು ಸಿಕ್ಕಿತೆಂದೂ ಇನ್ನು ರಾತ್ರಿಯಲ್ಲಿ ಬೆನ್ನಟ್ಟುವುದು ಬೇಡವೆಂದೂ ಅವನು ಕೂಡಲೇ ಮಿತ್ರರಿಗೆ ಹೇಳಿ ಕಳುಹಿಸಿದನು.

ಅದೇ ವೇಳೆ ಬೆಲ್ಗುತೈ ತನ್ನ ತಾಯಿಯನ್ನು ಹುಡುಕುತ್ತ ಅವಳಿದ್ದ ಗುಡಾರವನ್ನು ಒಂದು ಬಾಗಿಲಿನಿಂದ ಹೊಕ್ಕನು. ಅವಳು ಹರಕು ಕುರಿದೊಗಲನ್ನು ಹೊದ್ದು ಇನ್ನೊಂದು ಕಡೆಯಿಂದ ಹೊರಗೆ ಹೊರಟಳು. ನೀಚನೊಬ್ಬನ ಕೈಸೇರಿದ ತಾನು ಮಕ್ಕಳ ಮುಖವನ್ನು ಹೇಗೆ ನೋಡಲಿ ಎಂದು ಹೊರಗಿದ್ದವರೊಡನೆ ಹೇಳಿ ಕಾಡಿನೊಳಗೆ ಹೋದಳು. ಎಷ್ಟು ಹುಡುಕಿದರೂ ಸಿಕ್ಕಲಿಲ್ಲ. ಆ ಮೇಲೆ ಮಗನು ಮೆರ್ಕಿತರನ್ನು ಕಂಡಾಗಲೆಲ್ಲ ತನ್ನ ತಾಯಿಯನ್ನು ತಂದುಕೊಡಿರೆಂದು ಕೂಗುತ್ತ ಬಾಣ ಬಿಡುತ್ತಿದ್ದನಂತೆ. ಒಂದೇ ರಾತ್ರಿ ಒಂದೇ ಮನೆಯ ಇಬ್ಬರು ಹೆಂಗಸರಲ್ಲಿ ಒಬ್ಬಳು ಲಗಾಮನ್ನು ಹಿಡಿದಳು. ಇನ್ನೊಬ್ಬಳು ಕಾಡನ್ನು ಹಿಡಿದಳು. ಆ ಎರಡನೆಯವಳು ಅಂಜಿದುದು ಮಗನಿಗಲ್ಲ, ಮಾತಿಗೆ. ಅವಳ ಅಂಜಿಕೆ ಸುಳ್ಳಾಗಲಿಲ್ಲವೆಂಬುದನ್ನು ಮುಂದೆ ನೋಡುವೆವು.

ಬೋರ್ತೆಗೆ ಗಂಡು ಮಗುವಾಯಿತು. ಜೋಚಿ ಎಂದು ಹೆಸರಿಟ್ಟರು. ಆ ಹೆಸರಿಗೆ ಅತಿಥಿಯೆಂದು ಅರ್ಥವೆಂಬುದಾಗಿ ಅನೇಕರು ಹೇಳುತ್ತಾರೆ. ತೆಮುಜಿನನು ಅವನನ್ನು ತನ್ನ ಹಿರಿಯ ಮಗನೆಂದೇ ಎತ್ತಿಕೊಂಡನು. ಚಿತ್ರವೂ ಈ ದೃಶ್ಯವನ್ನು ಸಂಯಮದಿಂದ ತೋರಿಸಿದೆ. ಅಷ್ಟೇ ಅಲ್ಲ, ಇನ್ನೊಂದು ಸಂದರ್ಭವನ್ನು ಕಲ್ಪಿಸಿ ಅದೇ ಮಾತನ್ನು ಮತ್ತೆ ಆಡಿಸಿದೆ. ತೆಮುಜಿನನ ಯೌವನದಲ್ಲಿ ಸುಮಾರು ಹತ್ತು ವರ್ಷಗಳ ವೃತ್ತಾಂತ ಸ್ಪಷ್ಟವಾಗಿ ದೊರೆಯುವುದಿಲ್ಲ. ಚಿತ್ರವು ಆ ಬಿಡುವಿನಲ್ಲಿ ಅವನನ್ನು ತಂಗುತರ ರಾಜ್ಯದಲ್ಲಿ ಗುಲಾಮನನ್ನಾಗಿ ಮಾಡಿ, ಬೋರ್ತೆಯು ತನ್ನನ್ನೇ ಬೆಲೆಯಾಗಿ ತೆತ್ತು ವರ್ತಕನೊಬ್ಬನ ಜತೆಯಲ್ಲಿ ಬಂದು ಅವನನ್ನು ಬಿಡಿಸಿದಳೆಂದು ಹೇಳುತ್ತದೆ. ಆಗ ಹುಟ್ಟಿದ ಹೆಣ್ಣುಮಗುವನ್ನೂ ಅವನು ತನ್ನದೆಂದು ಸ್ವೀಕರಿಸುತ್ತಾನೆ. ಇದು ಚರಿತ್ರೆಯಲ್ಲ, ಕಲ್ಪನೆ. ಆದರೂ ಚಿತ್ರದ ಹೃದಯ ಇಲ್ಲಿದೆ.

ಚಿತ್ರದ ಕಡೆಯ ಭಾಗದ ವಿಷಯದಲ್ಲಿ ಮಾತ್ರ ನಾವು ಆಕ್ಷೇಪಿಸಲೇಬೇಕು. ಅಲ್ಲಿ ತೆಮುಜಿನನು ಮಂಗೋಲರಿಗೆಲ್ಲ ಕಟ್ಟಳೆಗಳನ್ನು ಮಾಡುತ್ತಾನೆ. ಹೆಂಗಸರನ್ನೂ ಮಕ್ಕಳನ್ನೂ ಕೊಲ್ಲಬಾರದೆಂಬುದು ಅವುಗಳಲ್ಲಿ ಒಂದು. ‘ಗುಪ್ತ ಚರಿತ್ರೆ’ಯೋ, 1202ರಲ್ಲಿ ತಾತಾರರನ್ನು ಸೋಲಿಸಿದ ಮೇಲೆ ಬಂಡಿಯ ಗಾಲಿಯ ಕಡಾಣಿಗಿಂತ ಎತ್ತರವಾಗಿದ್ದ ಗಂಡಸರನ್ನೆಲ್ಲ ಕೊಂದು ಉಳಿದವರನ್ನು ಊಳಿಗಕ್ಕೆ ಹಂಚಿಕೊಳ್ಳಬೇಕೆಂದು ನಿಶ್ಚಯಿಸಿದುದನ್ನು ಹೇಳುತ್ತದೆ. ಕಡಾಣಿಯ ಎತ್ತರವೆಷ್ಟೆಂಬುದನ್ನು ಎತ್ತಿನ ಬಂಡಿಯನ್ನು ಕಂಡವರಿಗೆ ನಾವು ಹೇಳಬೇಕಾಗಿಲ್ಲ. ಜಮುಖನನ್ನು ತೆಮುಜಿನನು ಬಿಟ್ಟುಬಿಡುವಂತೆ ಚಿತ್ರ ತೋರಿಸುತ್ತದೆ. ಗ್ರಂಥದ ಪ್ರಕಾರ, ಸ್ವಜನರಿಂದಲೇ ಹಿಡಿದೊಪ್ಪಿಸಲ್ಪಟ್ಟ ಜಮುಖನು ತಾನೇ ಮರಣವನ್ನು ಬೇಡಿ, ರಕ್ತ ಚೆಲ್ಲದ ರೀತಿಯಲ್ಲಿ ಸತ್ತನು. 1206ರಲ್ಲಿ ಓನೋನ್ ನದಿಯ ಉಗಮದ ಬಳಿ ಸೇರಿದ ಮಹಾಸಭೆಯಲ್ಲಿ ತೆಮುಜಿನನು ಚೆಂಗೀಸ್ ಖಾನ್ ಆದನು.

ಈಗ ಅತ್ತೆಯವರ ಪ್ರಶ್ನೆಗೆ ಉತ್ತರ. 1219ರಲ್ಲಿ ಖಾನನು ಪಶ್ಚಿಮದ ಖ್ವಾರಿಜ್ಮ್ ರಾಜ್ಯದ ಮೇಲೆ ದಂಡೆತ್ತಿ ಹೊರಡುವ ಮುನ್ನ ಅವನ ರಾಣಿಯರಲ್ಲೊಬ್ಬಳಾದ ಯಿಸುಯಿ, ಮುಂದೆ ಪಟ್ಟ ಯಾರಿಗೆಂಬುದನ್ನು ಈಗಲೇ ತಿಳಿಸುವುದು ಒಳ್ಳೆಯದೆಂದು ಬಿನ್ನವಿಸಿದಳು. ಮಾತು ಸರಿಯೆಂದು ಖಾನನು ಮಕ್ಕಳನ್ನು ಕೂರಿಸಿಕೊಂಡು, ಹಿರಿಯನಾದ ಜೋಚಿಯ ಅಭಿಪ್ರಾಯವನ್ನು ಮೊದಲು ಕೇಳಿದನು. ಜೋಚಿ ಬಾಯಿ ತೆರೆಯುವ ಮುಂಚೆಯೇ ಎರಡನೆಯವನಾದ ಚಗತಾಯ್ ಸಿಡಿದೆದ್ದು, ಮೆರ್ಕಿತರ ಸಂತಾನವು ತಮ್ಮನ್ನು ಆಳುವುದೆಂತು ಎಂದುಬಿಟ್ಟನು. ಜೋಚಿ ಅವನ ಕೊರಳಪಟ್ಟಿಯನ್ನು ಹಿಡಿದನು. ಹತ್ತಿರ ಇದ್ದವರು ಬಿಡಿಸಿದರು.

ಆಗ ಕೊಕೊಚೋಸ್ ಎಂಬ ಹಿರಿಯನು ಎದ್ದು ಚಗತಾಯಿಗೆ ಬುದ್ಧಿ ಹೇಳಿದನು. ನೀವು ಹುಟ್ಟುವ ಮೊದಲು ಈ ನೆಲದಲ್ಲಿ ಯಾರಿಗೂ ನೆಮ್ಮದಿಯ ನಿದ್ರೆಯಿರಲಿಲ್ಲ, ಎಲ್ಲರೂ ಎಲ್ಲರ ಮೇಲೆ ಬೀಳುತ್ತಿದ್ದರು. ನಿಮ್ಮ ತಾಯಿ ತಾನಾಗಿ ಓಡಿಹೋದವಳಲ್ಲ. ಅವಳ ಮನಸ್ಸನ್ನು ನೋಯಿಸಬೇಡ. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರಲ್ಲವೆ ನೀವು? ಎಂಬುದು ಅವನ ಮಾತಿನ ಸಾರಾಂಶ. ತಂದೆಯೂ ಜೋಚಿ ತನ್ನ ಹಿರಿಯ ಮಗನೆಂದೂ ಇನ್ನೆಂದಿಗೂ ಅಂತಹ ಮಾತು ಬರಕೂಡದೆಂದೂ ಕಟ್ಟಪ್ಪಣೆ ಮಾಡಿದನು. ಆದರೆ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ಅಪ್ಪಣೆ ಯಾವ ಚಕ್ರವರ್ತಿಯ ಬಳಿಯೂ ಇಲ್ಲ. ಪಟ್ಟವು ಜೋಚಿಗೂ ಇಲ್ಲ, ಚಗತಾಯಿಗೂ ಇಲ್ಲವೆಂದಾಗಿ ಮೂರನೆಯವನಾದ ಒಗೊದೈಗೆ ಗೊತ್ತಾಯಿತು. ಅವನು 1229ರಲ್ಲಿ ಖಾನನಾದನು.

ಅಣ್ಣತಮ್ಮಂದಿರ ವಿರಸ ಅಲ್ಲಿಗೆ ಮುಗಿಯಲಿಲ್ಲ. 1221ರಲ್ಲಿ ಊರ್ಗೆಂಚ್ ನಗರದ ಮುತ್ತಿಗೆಯಲ್ಲಿ ಜೋಚಿಯೂ ಚಗತಾಯಿಯೂ ಒಂದು ಮನಸ್ಸಿನಿಂದ ನಡೆಯದೆ ಕಾರ್ಯ ಕೆಡಲು ತಂದೆಯು ಅಧಿಕಾರವನ್ನು ಒಗೊದೈಗೆ ವಹಿಸಬೇಕಾಯಿತು. ಜೋಚಿಯು ದೂರದ ಪಶ್ಚಿಮ ಸೀಮೆಯಲ್ಲಿಯೇ ಉಳಿದು, ತಂದೆಗಿಂತ ಕೆಲವು ತಿಂಗಳು ಮೊದಲು ತೀರಿಕೊಂಡನು. ಅವನ ಮಗ ಬಾತು ರಷ್ಯದ ಮೇಲೆ ಪ್ರಭುತ್ವ ನಡೆಸಿದ ಸ್ವತಂತ್ರಪ್ರಾಯವಾದ ರಾಜ್ಯವನ್ನು ಕಟ್ಟಿದನು. ಒಂದಾಗಿದ್ದ ಮನೆಯು ನಾಲ್ಕು ಮಕ್ಕಳ ನಾಲ್ಕು ಪಾಲಾದುದಕ್ಕೆ ಕಾರಣಗಳು ಹಲವು. ತೊಟ್ಟಿಲಿನ ಕಾಲದಿಂದ ಬಂದ ಆ ಒಂದು ಸಂದೇಹವು ಅವುಗಳಲ್ಲಿ ಸಣ್ಣದಲ್ಲ.

ವೃತ್ತಾಂತಕ್ಕೆ ಇನ್ನೊಂದು ಕೊನೆಯೂ ಇದೆ. ಮುಂದೆ ಕಜಾಕ್ ಜನರನ್ನು ಆಳಿದ ಖಾನರು ತಮ್ಮನ್ನು ಜೋಚಿಯ ವಂಶದವರೆಂದೇ ಹೇಳಿಕೊಂಡರು. ಕಜಾಕ್‌ಸ್ತಾನದ ಉಲಿತೌ ಸೀಮೆಯಲ್ಲಿ ಅವನದೆಂದು ಹೇಳುವ ಸಮಾಧಿಯನ್ನು ಜನರು ಇಂದಿಗೂ ಗೌರವಿಸುತ್ತಾರೆ. ತಮ್ಮನು ಪರರ ಕೂಸೆಂದು ಹಂಗಿಸಿದ ಹುಡುಗನನ್ನು ಒಂದು ದೇಶವೇ ತನ್ನ ಹಿರಿಯನೆಂದು ಒಪ್ಪಿಕೊಂಡಿತು. ‘ಮಂಗೋಲ್’ ಚಿತ್ರವನ್ನು ಪಾರಿತೋಷಕಕ್ಕೆ ಕಳುಹಿಸಿದ ದೇಶವೂ ಅದೇ.

ಚಿತ್ರದಲ್ಲಿ ರಕ್ತಪಾತ ಬಹಳವಾಗಿರುವುದರಿಂದ ಚಿಕ್ಕ ಮಕ್ಕಳಿಗೆ ಅದು ತಕ್ಕುದಲ್ಲ. ಪ್ರಾಯದ ಮಕ್ಕಳೊಡನೆ ಹಿರಿಯರೂ ಕುಳಿತು ನೋಡಬಹುದು; ನೋಡಿದ ಮೇಲೆ ಇಲ್ಲಿ ಹೇಳಿದುದನ್ನೂ ಹೇಳುವುದು ಮೇಲು.

ಇಷ್ಟನ್ನೂ ನಾವು ಅತ್ತೆಯವರಿಗೆ ಓದಿ ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಚೆಂಗೀಸ್ ಖಾನನ ವಿಷಯವಾಗಿಯಾಗಲಿ ಜೋಚಿಯ ವಿಷಯವಾಗಿಯಾಗಲಿ ಏನೂ ಹೇಳಲಿಲ್ಲ. “ಆ ಕಾಡಿಗೆ ಹೋದವಳು ಸಿಕ್ಕಲೇ ಇಲ್ಲವೆ?” ಎಂದು ಕೇಳಿದರು. ಸಿಕ್ಕಲಿಲ್ಲವೆಂದೆವು. “ಒಂದು ಕುದುರೆ ಬರಿಬೆನ್ನಲ್ಲಿ ಹೋಯಿತು ಅಂದೆಯಲ್ಲಪ್ಪಾ” ಎಂದು ಹೇಳಿ ಬತ್ತಿಯ ತಟ್ಟೆಯನ್ನು ಮತ್ತೆ ಹತ್ತಿರಕ್ಕೆ ಎಳೆದುಕೊಂಡರು.